ಅಪ್‌ಗ್ರೇಡ್ ಆದ ಮೇಲೆ ಆಟ ನಿಧಾನವಾದರೆ: ಸಮಸ್ಯಾ ಪರಿಹಾರ ಪದ್ಧತಿಯಲ್ಲಿ ಒಂದು ಪಾಠ

ತರಗತಿ: 9
ವಿಷಯ: ಮಾಹಿತಿ ತಂತ್ರಜ್ಞಾನ
ಅವಧಿ: 40 ನಿಮಿಷಗಳ ಎರಡು ಪಾಠ
ಬೇಕಾಗುವ ಉಪಕರಣ: ಪ್ರಯೋಗಾಲಯದ ಒಂದು ಲ್ಯಾಪ್‌ಟಾಪ್, ಉಚಿತವಾಗಿ ಸಿಗುವ ಸೂಪರ್‌ಟಕ್ಸ್‌ಕಾರ್ಟ್ ಆಟ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೀಗಾಗಿ ಮನೆಯ ಕಂಪ್ಯೂಟರನ್ನು ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಮಾಡಿಕೊಂಡ ವಿದ್ಯಾರ್ಥಿಗಳು ತರಗತಿಯಲ್ಲಿ ಇರುತ್ತಾರೆ. "ಸರ್, ಮೊದಲು ಚೆನ್ನಾಗಿ ಓಡ್ತಿತ್ತು, ಈಗ ಗೇಮ್ ತಡೆದು ತಡೆದು ಓಡುತ್ತೆ" ಎಂಬ ದೂರು ಅವರದು. ಅಂಗಡಿಯಲ್ಲಿ ಕೇಳಿದರೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಎನ್ನಬಹುದು. ಆ ಖರ್ಚು ಪೋಷಕರ ಮೇಲೆ ಬೀಳುತ್ತದೆ. ಆಟದ ವಿಷಯ ಪಾಠಕ್ಕೆ ತಕ್ಕದ್ದೇ ಎಂದು ಕೆಲವು ವೀಕ್ಷಕರು ಅನುಮಾನಿಸುವುದುಂಟು. ಮಕ್ಕಳು ತಾವಾಗಿಯೇ ತರುವ ಸಮಸ್ಯೆಗಿಂತ ಒಳ್ಳೆಯ ಪೀಠಿಕೆ ಈ ಪದ್ಧತಿಗೆ ಸಿಗುವುದು ಕಷ್ಟ ಎಂಬುದು ನನ್ನ ಅಭಿಪ್ರಾಯ.

ಪ್ರಶಿಕ್ಷಣಾರ್ಥಿಗಳು ಈ ಬೋಧನಾಂಶವನ್ನು ಎತ್ತಿಕೊಂಡಾಗ ಸಾಮಾನ್ಯವಾಗಿ ಹತ್ತು ಪರಿಹಾರಗಳ ಪಟ್ಟಿಯನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತಾರೆ. ವಿದ್ಯಾರ್ಥಿ ಮನೆಗೆ ಹೋಗಿ ಹತ್ತನ್ನೂ ಒಟ್ಟಿಗೆ ಮಾಡುತ್ತಾನೆ. ಆಟ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ಅವನಿಗೆ ಗೊತ್ತಾಗುವುದಿಲ್ಲ. ಕೆಟ್ಟರೂ ಅಷ್ಟೆ. ಗಿಡಕ್ಕೆ ಬೆಳಕು ಬೇಕೇ ಎಂದು ಪರೀಕ್ಷಿಸುವಾಗ ನೀರು, ಮಣ್ಣು, ಕುಂಡ ಎಲ್ಲವನ್ನೂ ಒಂದೇ ಸಮ ಇಟ್ಟು ಬೆಳಕನ್ನು ಮಾತ್ರ ಬದಲಿಸುತ್ತೇವಲ್ಲ, ಇಲ್ಲಿಯೂ ಅದೇ ಕ್ರಮ. ಈ ಪಾಠದ ಮುಖ್ಯ ಉದ್ದೇಶ ಅದು. ವಿಂಡೋಸ್ ಅದಕ್ಕೊಂದು ಸಂದರ್ಭ ಮಾತ್ರ.

ಮೊದಲ ಪಾಠ: ಅಳತೆ

"ನಿಧಾನ" ಎಂಬ ಮಾತನ್ನು ಸಂಖ್ಯೆಯಾಗಿಸುವುದು ಮೊದಲ ಕೆಲಸ. ಪರದೆಯ ಮೇಲೆ ಒಂದು ಸೆಕೆಂಡಿಗೆ ಎಷ್ಟು ಚಿತ್ರಗಳು, ಅಂದರೆ ಫ್ರೇಮುಗಳು, ಮೂಡುತ್ತವೆ ಎಂಬುದೇ ಅಳತೆ. ಸೂಪರ್‌ಟಕ್ಸ್‌ಕಾರ್ಟ್‌ನ ಸೆಟ್ಟಿಂಗಿನಲ್ಲಿ ಈ ಸಂಖ್ಯೆಯನ್ನು ಪರದೆಯ ಮೇಲೆ ತೋರಿಸುವ ಆಯ್ಕೆ ಇದೆ. ಸೆಕೆಂಡಿಗೆ 60 ಫ್ರೇಮುಗಳಾದರೆ ಒಂದು ಫ್ರೇಮಿಗೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್, 30 ಆದರೆ 33.3. ಈ ಭಾಗಾಕಾರವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಬೇಕು. ಸರಾಸರಿ 60 ಇದ್ದೂ ನಡುವೆ ಒಂದು ಫ್ರೇಮ್ 100 ಮಿಲಿಸೆಕೆಂಡ್ ತೆಗೆದುಕೊಂಡರೆ ಕಣ್ಣಿಗೆ ಜರ್ಕ್ ಕಾಣುತ್ತದೆ. ಸರಾಸರಿ ಏನನ್ನು ಮುಚ್ಚಿಡುತ್ತದೆ ಎಂಬುದನ್ನು ಗಣಿತದ ತರಗತಿಯವರೂ ಇಲ್ಲಿಂದ ಎತ್ತಿಕೊಳ್ಳಬಹುದು.

ಅದೇ ಟ್ರ್ಯಾಕ್, ಅದೇ ಗುಣಮಟ್ಟ, ಅಷ್ಟೇ ಹೊತ್ತು ಮೂರು ಸಲ ಓಡಿಸಿ ಸಂಖ್ಯೆ ಬರೆದುಕೊಂಡ ಮೇಲೆ ಒಂದೇ ಒಂದು ಬದಲಾವಣೆ: ಆಟದ ರೆಸಲ್ಯೂಷನ್ನನ್ನು 1920×1080ರಿಂದ 1280×720ಕ್ಕೆ ಇಳಿಸುವುದು. ಮೊದಲನೆಯದರಲ್ಲಿ 20,73,600 ಚುಕ್ಕೆಗಳು, ಎರಡನೆಯದರಲ್ಲಿ 9,21,600. ಗ್ರಾಫಿಕ್ಸ್ ಚಿಪ್ ತುಂಬಬೇಕಾದ ಚುಕ್ಕೆಗಳು ಅರ್ಧಕ್ಕಿಂತ ಕಡಿಮೆಯಾದವು, ಪ್ರೊಸೆಸರಿನ ಕೆಲಸ ಹೆಚ್ಚುಕಡಿಮೆ ಹಾಗೇ ಉಳಿಯಿತು. ಫ್ರೇಮುಗಳ ಸಂಖ್ಯೆ ಚೆನ್ನಾಗಿ ಏರಿದರೆ ಇಕ್ಕಟ್ಟು ಗ್ರಾಫಿಕ್ಸ್ ಕಡೆ ಇದೆ. ಏರದಿದ್ದರೆ ಪ್ರೊಸೆಸರ್, ವಿದ್ಯುತ್ ಮಿತಿ, ಹಿನ್ನೆಲೆಯ ಕೆಲಸ ಇವುಗಳ ಕಡೆ ನೋಡಬೇಕು. ರೆಸಲ್ಯೂಷನ್ ಇಳಿಸುವುದನ್ನು ವಿದ್ಯಾರ್ಥಿಗಳು ಪರಿಹಾರವೆಂದು ತಿಳಿದಿರುತ್ತಾರೆ. ಇಲ್ಲಿ ಅದನ್ನು ಪರೀಕ್ಷೆಯಾಗಿ ಬಳಸುತ್ತಿದ್ದೇವೆ ಎಂದು ಬಿಡಿಸಿ ಹೇಳಿ. ಸಂಖ್ಯೆ ಸರಿಯಾಗಿ 60ಕ್ಕೇ ನಿಂತುಬಿಟ್ಟರೆ ಪರದೆಯ ರಿಫ್ರೆಶ್ ದರಕ್ಕೆ ಆಟ ಕಟ್ಟುಬಿದ್ದಿರಬಹುದು. ಪರೀಕ್ಷೆಗೆ ಮುಂಚೆ ಆಟದ ವರ್ಟಿಕಲ್ ಸಿಂಕ್ ಆಯ್ಕೆ ಆರಿಸಿರಲಿ.

ಎರಡನೆಯ ಪಾಠ: ಕಾರಣಗಳ ಬೆನ್ನುಹತ್ತಿ

ಅಪ್‌ಗ್ರೇಡ್ ಆದ ಮೊದಲ ದಿನ ಏನನ್ನೂ ಬದಲಿಸಬಾರದು. ಹೊಸ ವ್ಯವಸ್ಥೆ ಕಡತಗಳ ಸೂಚಿ ಕಟ್ಟುತ್ತಿರುತ್ತದೆ, ಅಪ್‌ಡೇಟುಗಳನ್ನು ಇಳಿಸಿಕೊಳ್ಳುತ್ತಿರುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿದರೆ ತೆರೆಯುವ ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ ಬಳಕೆ ಮೇಲೇ ನಿಂತಿದ್ದರೆ ಕಂಪ್ಯೂಟರನ್ನು ಚಾಲೂ ಬಿಟ್ಟು ಕಾಯುವುದೇ ಸರಿ. ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರಗಳಲ್ಲಿ ಇದು ಹೆಚ್ಚು ಹೊತ್ತು ಹಿಡಿಯುತ್ತದೆ.

ಆಮೇಲೆ ಡಿವೈಸ್ ಮ್ಯಾನೇಜರ್. ಡಿಸ್ಪ್ಲೇ ಅಡಾಪ್ಟರ್ ಎಂಬಲ್ಲಿ ಇಂಟೆಲ್, ಎಎಂಡಿ ಅಥವಾ ಎನ್ವಿಡಿಯಾ ಹೆಸರಿನ ಬದಲು "ಮೈಕ್ರೋಸಾಫ್ಟ್ ಬೇಸಿಕ್ ಡಿಸ್ಪ್ಲೇ ಅಡಾಪ್ಟರ್" ಎಂದಿದ್ದರೆ ಚಿಪ್ಪಿಗೆ ಸರಿಯಾದ ಡ್ರೈವರ್ ಇಲ್ಲ ಎಂದರ್ಥ. ಚಿತ್ರ ಕಾಣುತ್ತದೆ, ಆದರೆ ಆಟಕ್ಕೆ ಬೇಕಾದ ವೇಗ ಇರುವುದಿಲ್ಲ. ಡ್ರೈವರನ್ನು ಲ್ಯಾಪ್‌ಟಾಪ್ ಅಥವಾ ಚಿಪ್ ತಯಾರಕರ ಅಧಿಕೃತ ತಾಣದಿಂದಲೇ ಪಡೆಯಬೇಕು. ಎರಡು ಗ್ರಾಫಿಕ್ಸ್ ಚಿಪ್ಪುಗಳಿರುವ ಲ್ಯಾಪ್‌ಟಾಪಿನಲ್ಲಿ ಆಟವು ದುರ್ಬಲ ಚಿಪ್ಪಿನ ಮೇಲೆ ಓಡುತ್ತಿದೆಯೇ, ಪವರ್ ಮೋಡ್ ಯಾವುದಕ್ಕೆ ಬದಲಾಗಿದೆ ಎಂಬುದನ್ನೂ ಒಂದೊಂದಾಗಿ ನೋಡಬೇಕು. ಪ್ರತಿ ಬದಲಾವಣೆಯ ನಂತರ ಅದೇ ಟ್ರ್ಯಾಕ್, ಅದೇ ಅಳತೆ.

ಕೋರ್ ಐಸೊಲೇಷನ್ ಅಡಿಯಲ್ಲಿರುವ ಮೆಮೊರಿ ಇಂಟೆಗ್ರಿಟಿ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದನ್ನು ಆರಿಸಿದರೆ ಕೆಲವು ಆಟಗಳ ವೇಗ ಹೆಚ್ಚುತ್ತದೆ ಎಂಬುದು ನಿಜ; ಮೈಕ್ರೋಸಾಫ್ಟ್ ಕೂಡ ಅದನ್ನು ಒಪ್ಪಿ ಆರಿಸುವ ವಿಧಾನ ತಿಳಿಸಿದೆ, ಆರಿಸಿದರೆ ಅಪಾಯ ಹೆಚ್ಚುತ್ತದೆಂದೂ ಎಚ್ಚರಿಸಿದೆ. ಮನೆಯವರು ಅದೇ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡುತ್ತಿದ್ದರೆ ಆ ನಿರ್ಧಾರ ಹದಿನಾಲ್ಕು ವರ್ಷದ ಮಗುವಿನದಲ್ಲ. ಶಾಲೆಯ ಯಂತ್ರದಲ್ಲಿ ಇದನ್ನು ಮುಟ್ಟಲೇಬಾರದು.

ದೋಷ ಯಾವಾಗಲೂ ಬಳಸುವವರ ಕೈಯಲ್ಲಿರುವುದಿಲ್ಲ. 2021ರ ಅಕ್ಟೋಬರ್ 5ರಂದು ವಿಂಡೋಸ್ 11 ಬಿಡುಗಡೆಯಾದಾಗ ರೈಜನ್ ಪ್ರೊಸೆಸರುಗಳಲ್ಲಿ ಎಲ್3 ಕ್ಯಾಶ್ ತಡವಾಗುತ್ತಿದೆ, ಕೆಲವು ಆಟಗಳು ಶೇ. 10ರಿಂದ 15ರಷ್ಟು ನಿಧಾನವಾಗಬಹುದು ಎಂದು ಎಎಂಡಿಯೇ ಪ್ರಕಟಿಸಿತು. ಅದೇ ತಿಂಗಳ ಅಪ್‌ಡೇಟಿನಲ್ಲಿ ಅದಕ್ಕೆ ಪರಿಹಾರ ಬಂತು. ಆ ಎರಡು ಮೂರು ವಾರಗಳಲ್ಲಿ ಸೆಟ್ಟಿಂಗುಗಳನ್ನು ಎಷ್ಟು ತಿರುವಿದರೂ ಆ ದೋಷ ಸರಿಹೋಗುತ್ತಿರಲಿಲ್ಲ.

ಹಿಂದಿನ ವಿಂಡೋಸ್‌ಗೆ ಮರಳುವ ದಾರಿ ಸಾಮಾನ್ಯವಾಗಿ 10 ದಿನ ಮಾತ್ರ ತೆರೆದಿರುತ್ತದೆ. ಅದಕ್ಕೆ ಬೇಕಾದ ಹಳೆಯ ಕಡತಗಳು ವಿಂಡೋಸ್ ಡಾಟ್ ಓಲ್ಡ್ ಎಂಬ ಫೋಲ್ಡರಿನಲ್ಲಿರುತ್ತವೆ. ಜಾಗ ಸಾಲದೆಂದು ಮಕ್ಕಳು ಮೊದಲು ಅಳಿಸುವುದು ಇದನ್ನೇ! ಈ ಎಚ್ಚರಿಕೆಯನ್ನು ಪಾಠದ ಕೊನೆಗೆ ಉಳಿಸದೆ ಮೊದಲ ದಿನವೇ ಹೇಳಿಬಿಡಿ.

ಅಪ್‌ಗ್ರೇಡ್ ಆದ ಯಂತ್ರ ಶಾಲೆಯಲ್ಲಿ ಇಲ್ಲದಿದ್ದರೆ ಶಿಕ್ಷಕರೇ ದೋಷವನ್ನು ಸೃಷ್ಟಿಸಬಹುದು. ಬ್ಯಾಟರಿ ಸೇವರ್ ಹಾಕಿಡುವುದು, ಹಿನ್ನೆಲೆಯಲ್ಲಿ ದೊಡ್ಡ ಕಡತದ ನಕಲು ನಡೆಸುವುದು, ಇಷ್ಟು ಸಾಕು. ಗುಂಪಿಗೊಂದು ದೋಷ ಕೊಟ್ಟು, ಪ್ರತಿ ಹೆಜ್ಜೆಯ ಅಳತೆಯನ್ನು ಕೋಷ್ಟಕದಲ್ಲಿ ಬರೆಸಿ.

ಮೌಲ್ಯಮಾಪನಕ್ಕೆ ಈ ಪ್ರಶ್ನೆ ಕೊಡಬಹುದು: ಒಂದು ಲ್ಯಾಪ್‌ಟಾಪಿನಲ್ಲಿ ಅಪ್‌ಗ್ರೇಡಿಗೆ ಮುಂಚೆ 58 ಫ್ರೇಮ್, ನಂತರ 24. ರೆಸಲ್ಯೂಷನ್ ಇಳಿಸಿದಾಗ 25. ಅದನ್ನು ಮೊದಲಿನಂತೆ ಮಾಡಿ ಪವರ್ ಮೋಡ್ ಒಂದನ್ನೇ ಬದಲಿಸಿದಾಗ 56. ಕಾರಣವೇನು? ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲವೆಂದು ಯಾವ ಅಳತೆಯಿಂದ ತಿಳಿಯಿತು? ಮೊದಲನೆಯದಕ್ಕೆ 1 ಅಂಕ, ಎರಡನೆಯದಕ್ಕೆ 3.