ಮೊದಲು ಯಾವ ಹಸುವನ್ನು ನೋಡಬೇಕು? ಭಿನ್ನರಾಶಿಯಿಂದ ತಿಳಿಯಿರಿ



ನಿಮ್ಮ ಕೊಟ್ಟಿಗೆಯಲ್ಲಿ ಮೂರು ಹಸುಗಳಿವೆ ಎಂದುಕೊಳ್ಳಿ. ಮೊನ್ನೆಯವರೆಗೆ ಗೌರಿ ದಿನಕ್ಕೆ 15 ಲೀಟರ್, ಲಕ್ಷ್ಮಿ 8 ಲೀಟರ್, ಕೆಂಪಿ 10 ಲೀಟರ್ ಹಾಲು ಕೊಡುತ್ತಿದ್ದವು. ಎರಡು ದಿನದಿಂದ ಗೌರಿ 12, ಲಕ್ಷ್ಮಿ 6, ಕೆಂಪಿ 7 ಲೀಟರ್‌ಗೆ ಇಳಿದಿವೆ. ಮೊದಲು ಯಾವುದನ್ನು ಪರೀಕ್ಷಿಸಬೇಕು?

ಬರೀ ಲೀಟರ್ ನೋಡಿದರೆ ಗೌರಿ, ಕೆಂಪಿ ಎರಡರಲ್ಲೂ 3 ಲೀಟರ್ ಕಡಿಮೆಯಾಗಿದೆ. ಲಕ್ಷ್ಮಿಯಲ್ಲಿ 2 ಲೀಟರ್ ಮಾತ್ರ. ಲಕ್ಷ್ಮಿಯನ್ನು ಕೊನೆಗೆ ನೋಡಿದರಾಯಿತು ಅನಿಸುತ್ತದೆ. ಆದರೆ ಹಸು ತಾನು ಕೊಡುತ್ತಿದ್ದ ಹಾಲಿನಲ್ಲಿ ಎಷ್ಟು ಪಾಲು ಕಡಿಮೆ ಮಾಡಿತು ಎಂಬುದನ್ನು ನೋಡಬೇಕು. ಅದಕ್ಕೆ ಭಿನ್ನರಾಶಿ ಬೇಕು.

ಹೆಜ್ಜೆ 1: ಕಡಿಮೆಯಾದ ಹಾಲನ್ನು ಮೇಲೆ, ಮೊದಲಿದ್ದ ಹಾಲನ್ನು ಕೆಳಗೆ ಬರೆಯಿರಿ. ಮೇಲಿನದು ಅಂಶ, ಕೆಳಗಿನದು ಛೇದ.
ಗೌರಿ: 3/15, ಅಂದರೆ 1/5
ಲಕ್ಷ್ಮಿ: 2/8, ಅಂದರೆ 1/4
ಕೆಂಪಿ: 3/10

ಛೇದ ದೊಡ್ಡದಾದರೆ ಪಾಲೂ ದೊಡ್ಡದು ಎಂದು ತಿಳಿಯಬೇಡಿ. ಒಂದು ರೊಟ್ಟಿಯನ್ನು ನಾಲ್ವರಿಗೆ ಹಂಚಿದಾಗ ಸಿಗುವ ಚೂರು, ಐವರಿಗೆ ಹಂಚಿದಾಗ ಸಿಗುವುದಕ್ಕಿಂತ ದೊಡ್ಡದು. ಆದ್ದರಿಂದ 1/4 ಎಂಬುದು 1/5ಕ್ಕಿಂತ ಹೆಚ್ಚು.

ಹೆಜ್ಜೆ 2: ಛೇದಗಳನ್ನು ಒಂದೇ ಮಾಡಿ. 5, 4, 10 ಈ ಮೂರರ ಮಗ್ಗಿಯಲ್ಲೂ ಬರುವ ಚಿಕ್ಕ ಸಂಖ್ಯೆ 20. ಛೇದವನ್ನು ಎಷ್ಟರಿಂದ ಗುಣಿಸುತ್ತೀರೋ ಅಂಶವನ್ನೂ ಅಷ್ಟರಿಂದಲೇ ಗುಣಿಸಿ.
ಗೌರಿ: 1/5 = 4/20
ಲಕ್ಷ್ಮಿ: 1/4 = 5/20
ಕೆಂಪಿ: 3/10 = 6/20

ಹೆಜ್ಜೆ 3: ಈಗ ಮೇಲಿನ ಸಂಖ್ಯೆಯನ್ನಷ್ಟೇ ನೋಡಿ. ಕೆಂಪಿ ಮೊದಲು, ನಂತರ ಲಕ್ಷ್ಮಿ, ಕೊನೆಗೆ ಗೌರಿ. ಲೀಟರ್ ಲೆಕ್ಕದಲ್ಲಿ ಹಿಂದಿದ್ದ ಲಕ್ಷ್ಮಿ, ಗೌರಿಗಿಂತ ಮುಂದೆ ಬಂದಳು ನೋಡಿ.

ಈ ಲೆಕ್ಕ ಯಾಕೆ ಬೇಕು? ಗುಪ್ತ ಕೆಚ್ಚಲು ಬಾವಿನಲ್ಲಿ ಕೆಚ್ಚಲು ಊದುವುದಿಲ್ಲ, ಹಾಲೂ ನೋಡಲು ಸರಿಯಾಗಿಯೇ ಇರುತ್ತದೆ. ಹಾಲಿನ ಪ್ರಮಾಣ ಮಾತ್ರ ಇಳಿಯುತ್ತದೆ. ತಡ ಮಾಡಿದರೆ ಕೆಚ್ಚಲಿನ ಒಂದು ಭಾಗವೇ ಹಾಳಾಗಬಹುದು. ಕರು ಹಾಕಿ ಒಂದೆರಡು ತಿಂಗಳಾಗಿರುವ ಹಸು ಹಿಂಡಿ ಬಿಟ್ಟು ಬರೀ ಹುಲ್ಲು ತಿನ್ನುತ್ತಾ ಹಾಲು ಇಳಿಸಿದರೆ ಕೀಟೋಸಿಸ್ ಇರಬಹುದು. ಎರಡಕ್ಕೂ ಬೇಗ ಚಿಕಿತ್ಸೆ ಸಿಕ್ಕಷ್ಟೂ ಒಳ್ಳೆಯದು.

ಲೆಕ್ಕ ಮಾಡುವಾಗ ಈ ವಿಷಯಗಳು ಗಮನದಲ್ಲಿರಲಿ:

• ಎಲ್ಲ ಹಸುಗಳೂ ಹೆಚ್ಚುಕಡಿಮೆ ಒಂದೇ ಪಾಲು ಇಳಿಸಿದ್ದರೆ ಮೊದಲು ಮೇವು, ನೀರು, ಬಿಸಿಲು ನೋಡಿ. ಒಂದೇ ಹಸು ಹೆಚ್ಚು ಇಳಿಸಿದ್ದರೆ ಆ ಹಸುವನ್ನೇ ನೋಡಿ.
• ಇಡೀ ದಿನದ ಹಾಲನ್ನು ಇಡೀ ದಿನದ ಹಾಲಿನೊಂದಿಗೇ ಹೋಲಿಸಿ.
• ಬೆದೆಗೆ ಬಂದ ದಿನ ಹಾಲು ಸ್ವಲ್ಪ ಇಳಿಯುವುದು ಸಹಜ. ಮರುದಿನವೂ ನೋಡಿ.
• ಡೈರಿಯ ಚೀಟಿಯಲ್ಲಿ ಎಲ್ಲ ಹಸುಗಳ ಹಾಲೂ ಒಟ್ಟಿಗೆ ಇರುತ್ತದೆ. ಕ್ಯಾನಿಗೆ ಸುರಿಯುವ ಮೊದಲೇ ಒಂದೊಂದು ಹಸುವಿನ ಹಾಲನ್ನೂ ಅಳೆದು ಪುಸ್ತಕದಲ್ಲಿ ಬರೆದಿಡಿ.
• ಹಾಲು ಇಳಿಯದಿದ್ದರೂ ಜ್ವರ, ಕೆಚ್ಚಲು ಊತ, ಹಾಲಿನಲ್ಲಿ ಗಡ್ಡೆ ಅಥವಾ ರಕ್ತ ಕಂಡರೆ ಲೆಕ್ಕಕ್ಕೆ ಕಾಯದೆ ಪಶುವೈದ್ಯರನ್ನು ಕರೆಯಿರಿ.

ನೀವೇ ಮಾಡಿ ನೋಡಿ: ಒಂದು ಹಸು 9 ಲೀಟರ್‌ನಿಂದ 7ಕ್ಕೆ, ಇನ್ನೊಂದು 12ರಿಂದ 9ಕ್ಕೆ ಇಳಿದಿದೆ. ಯಾವುದು ಹೆಚ್ಚು ಪಾಲು ಇಳಿಸಿದೆ?

ಉತ್ತರ: 2/9 = 8/36; 3/12 = 1/4 = 9/36. ಎರಡನೆಯ ಹಸುವೇ ಹೆಚ್ಚು. ಆದರೆ ಅಂತರ ತೀರಾ ಚಿಕ್ಕದು, ಆದ್ದರಿಂದ ಎರಡನ್ನೂ ಅಂದೇ ತೋರಿಸಿ.