ಸೋದರಮಾವನ ಡಬ್ಬಿಯಲ್ಲಿ ರೋಮಿನ ಸಿಪಾಯಿಗಳು

ಪ್ರಶ್ನೆ: ಮಧುರೆಯಲ್ಲಿ ನೌಕರಿಯಲ್ಲಿದ್ದ ನಮ್ಮ ಸೋದರಮಾವನ ಡಬ್ಬಿಯಲ್ಲಿ ಕೆಲವು ಪುಟ್ಟ ಕಂಚಿನ ನಾಣ್ಯಗಳು ಸಿಕ್ಕಿವೆ. ಒಂದರ ಮೇಲೆ ತಲೆಗೆ ಪಟ್ಟಿ ಕಟ್ಟಿದ ಮುಖ. ಹಿಂದೆ ಈಟಿ ಹಿಡಿದ ಇಬ್ಬರು ಸಿಪಾಯಿಗಳು. ಇದು ರೋಮಿನದು ಅಂತಾರೆ, ನಿಜವೆ? ನಮ್ಮ ದಾವಣಗೆರೆ ಕಡೆಯೂ ಇಂಥವು ಸಿಗುತ್ತವೆಯೆ? ಉಳಿದವನ್ನು ಗುರುತಿಸುವುದು ಹೇಗೆ?
– ಒಬ್ಬ ಓದುಗರು, ಆನೆಕೊಂಡ, ದಾವಣಗೆರೆ

ಉತ್ತರ: ನಿಮ್ಮ ವಿವರಣೆ ನೋಡಿದರೆ ಅದು ರೋಮಿನದೇ ಇರಬೇಕು. ಇಬ್ಬರು ಸಿಪಾಯಿಗಳ ನಡುವೆ ಸೇನೆಯ ಧ್ವಜಕಂಬ ಎಷ್ಟಿವೆ ಎಂದು ಮೊದಲು ಎಣಿಸಿ. ಎರಡಿದ್ದರೆ ನಾಣ್ಯ ಸುಮಾರು ಕ್ರಿ.ಶ. 330ರಿಂದ 335ರ ನಡುವಿನದು. ಒಂದೇ ಇದ್ದರೆ 335ರಿಂದ 341ರ ಒಳಗಿನದು. ಸುತ್ತಲಿನ ಬರಹ ‘ಗ್ಲೋರಿಯಾ ಎಕ್ಸರ್ಕಿಟುಸ್’, ಅಂದರೆ ಸೇನೆಯ ಕೀರ್ತಿ. ಕಾನ್‌ಸ್ಟಂಟೈನ್ ಚಕ್ರವರ್ತಿ ಮತ್ತು ಅವನ ಮಕ್ಕಳು ಇದನ್ನು ಅಪಾರ ಸಂಖ್ಯೆಯಲ್ಲಿ ಅಚ್ಚು ಹಾಕಿಸಿದರು. ಧ್ವಜ ಎರಡರಿಂದ ಒಂದಕ್ಕೆ ಇಳಿದಾಗ ನಾಣ್ಯದ ತೂಕವೂ ಇಳಿಯಿತು: ಮೊದಲಿನದು ಸುಮಾರು ಎರಡೂವರೆ ಗ್ರಾಂ, ಆಮೇಲಿನದು ಒಂದೂವರೆ ಗ್ರಾಂ ಆಸುಪಾಸು. ಚಿಕ್ಕ ನಾಣ್ಯದಲ್ಲಿ ಎರಡು ಕಂಬಕ್ಕೆ ಜಾಗ ಸಾಲಲಿಲ್ಲವೇನೋ.

ಇನ್ನು ನಮ್ಮ ಕಡೆಯ ಮಾತು. ರೋಮಿನ ಹಣ ಕರ್ನಾಟಕಕ್ಕೆ ಬಂದದ್ದು ನಿಜ, ಆದರೆ ಬಹುಮಟ್ಟಿಗೆ ಕಂಚಾಗಿ ಅಲ್ಲ. ಹೆದ್ದಾರಿಯಲ್ಲಿ ಒಂದು ಗಂಟೆ ಸಾಗಿದರೆ ನೀವು ಚಿತ್ರದುರ್ಗ ತಲುಪುತ್ತೀರಿ. ಅಲ್ಲಿನ ಚಂದ್ರವಳ್ಳಿಯಲ್ಲಿ ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿಯ ದಿನಾರಿಗಳು ಸಿಕ್ಕಿವೆ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯ ಜೊತೆಗೆ ಅಗೆಸಿದ್ದು ಇದೇ ಜಾಗವನ್ನು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲೂ ಎಚ್‌ಎಎಲ್ ಬಳಿ 1965ರಲ್ಲೂ ಬೆಳ್ಳಿಯ ರೋಮನ್ ನಾಣ್ಯಗಳ ದೊಡ್ಡ ನಿಧಿಗಳೇ ದೊರೆತವು. ಇವೆಲ್ಲ ಮುಖ್ಯವಾಗಿ ಕ್ರಿಸ್ತಶಕ ಮೊದಲ ಶತಮಾನದ ಸಂಗತಿ. ಅಲ್ಲಿಂದ ಮುಂದೆ ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ಸಿಕ್ಕಿದ್ದು ಚಿನ್ನ. ಅದರಲ್ಲಿ ಐದು, ಆರನೇ ಶತಮಾನದ ಬೈಜಾಂಟಿಯಂ ಚಕ್ರವರ್ತಿಗಳ ನಾಣ್ಯಗಳೂ ಇವೆ.

ನಿಮ್ಮಲ್ಲಿರುವಂಥ ನಾಲ್ಕನೇ ಶತಮಾನದ ಕಂಚು ಹೇರಳವಾಗಿ ಸಿಗುವುದು ಇನ್ನೂ ದಕ್ಷಿಣಕ್ಕೆ: ಕರೂರಿನಲ್ಲಿ ಅಮರಾವತಿ ನದಿಯ ಪಾತ್ರ, ಮಧುರೆಯಲ್ಲಿ ವೈಗೈ, ಕಡಲಂಚಿನ ಅಳಗನ್‌ಕುಳಂ, ಎಲ್ಲಕ್ಕಿಂತ ಹೆಚ್ಚಾಗಿ ಶ್ರೀಲಂಕಾ. ಕಾರಣ ಊಹಿಸುವುದು ಕಷ್ಟವಲ್ಲ. ಬೆಳ್ಳಿ, ಚಿನ್ನ ಎಲ್ಲಿಗೆ ಹೋದರೂ ತೂಕಕ್ಕೆ ಬೆಲೆ ಬಾಳುತ್ತವೆ. ಅವನ್ನು ಘಟ್ಟ ಹತ್ತಿಸಿ ಒಳನಾಡಿಗೆ ಹೊತ್ತು ತಂದರೆ ಲಾಭವಿತ್ತು. ಕಂಚಿನ ಚಿಲ್ಲರೆ ಹಾಗಲ್ಲ. ಅದನ್ನು ಕೈಯೊಡ್ಡಿ ತೆಗೆದುಕೊಳ್ಳುವ ಜನ ಇರುವ ಪೇಟೆಯಲ್ಲಷ್ಟೇ ಅದು ಹಣ. ಬಂದರುಗಳ ವ್ಯಾಪಾರದ ಜೊತೆ ನಂಟಿದ್ದ ಪೇಟೆಗಳಲ್ಲಿ ಅದು ಓಡಿತು. ನಿಮ್ಮ ನಾಣ್ಯ ಅಚ್ಚಾದ ಶತಮಾನದಲ್ಲೇ, ಸರಿಸುಮಾರು, ಕದಂಬರ ಮಯೂರಶರ್ಮ ಚಂದ್ರವಳ್ಳಿಯಲ್ಲಿ ಕೆರೆಯ ಶಾಸನ ಹಾಕಿಸಿದ. ಅವನ ನಾಡಿಗೆ ಈ ಚಿಲ್ಲರೆಯ ಅಗತ್ಯ ಬಿದ್ದಂತಿಲ್ಲ. ಹಾಗಾಗಿ ನಿಮ್ಮ ಡಬ್ಬಿಯ ಗುಟ್ಟು ಸೋದರಮಾವನ ಮಧುರೆಯ ನೌಕರಿಯಲ್ಲೇ ಇರಬಹುದು.

ದಾವಣಗೆರೆ, ಹರಿಹರದ ಮನೆಗಳಲ್ಲಿ ಹಳೇ ತಾಮ್ರದ ನಾಣ್ಯ ಸಿಕ್ಕರೆ ಅದು ಬಹುಪಾಲು ಬೇರೆಯದೇ. ಆನೆಯ ಚಿತ್ರ, ಫಾರ್ಸಿ ಬರಹ ಇದ್ದರೆ ಟಿಪ್ಪುವಿನ ಪೈಸೆ. ಅವನ ಟಂಕಸಾಲೆಗಳಲ್ಲಿ ಒಂದು ಚಿತ್ರದುರ್ಗದಲ್ಲೇ ಇತ್ತು. ನಾಣ್ಯದ ಮೇಲೆ ಆ ಊರಿನ ಹೆಸರು ಫರ್ರುಖ್‌ಯಾಬ್ ಹಿಸಾರ್ ಎಂದಿರುತ್ತದೆ. ಅಂಚು ಸಮನಾಗಿದ್ದು, ಇಸವಿ ಇದ್ದು, ಹೆಣ್ಣಿನ ಮುಖವಿದ್ದರೆ ಅದು ವಿಕ್ಟೋರಿಯಾ ರಾಣಿಯ ಕಾಲಾಣೆ.

ರೋಮಿನ ಕಡೆಗಾಲದ ಕಂಚನ್ನು ಗುರುತಿಸುವಾಗ ಹೆಸರಿಗೆ ತಡಕಾಡುವುದನ್ನು ಕೊನೆಗೆ ಇಟ್ಟುಕೊಳ್ಳಿ. ಹೆಸರಿನ ಅಕ್ಷರಗಳೇ ಮೊದಲು ಸವೆಯುವುದು. ಚಿನ್ನಬೆಳ್ಳಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ, ಅಡ್ಡಳತೆಯನ್ನು ಮಿಲಿಮೀಟರಿನಲ್ಲಿ ಬರೆದುಕೊಳ್ಳಿ. ಡಯೋಕ್ಲೀಷಿಯನ್ ಸುಮಾರು 294ರಲ್ಲಿ ಹೊಸ ಕಂಚಿನ ನಾಣ್ಯ ತಂದಾಗ ಅದು ಹತ್ತು ಗ್ರಾಂ ತೂಗುತ್ತಿತ್ತು. ಐವತ್ತು ವರ್ಷ ತುಂಬುವುದರೊಳಗೆ ಎರಡು ಗ್ರಾಮಿಗಿಂತಲೂ ಕೆಳಗಿಳಿಯಿತು. ಹಾಗಾಗಿ ತೂಕವೇ ಅರ್ಧ ಇಸವಿ ಹೇಳುತ್ತದೆ.

ಆಮೇಲೆ ತಲೆ ನೋಡಿ. ಸೂರ್ಯಕಿರಣದಂತೆ ಮೊನೆಗಳೆದ್ದ ಕಿರೀಟವಿದ್ದರೆ ಸಾಮಾನ್ಯವಾಗಿ ಮೂರನೇ ಶತಮಾನ. ಮುತ್ತು, ಹೂ ಪೋಣಿಸಿದ ಪಟ್ಟಿಯಿದ್ದರೆ ಕಾನ್‌ಸ್ಟಂಟೈನನ ಕೊನೆಯ ವರ್ಷಗಳು ಅಥವಾ ಆಮೇಲಿನ ಕಾಲ. ಮುಖದ ಎಡಕ್ಕೆ ‘ಡಿಎನ್’ ಎಂಬ ಲ್ಯಾಟಿನ್ ಅಕ್ಷರ ಕಂಡರೆ ‘ನಮ್ಮ ಒಡೆಯ’; ಬಲತುದಿಯಲ್ಲಿ ‘ಎವಿಜಿ’ ಇದ್ದರೆ ಆತ ಪಟ್ಟದ ಚಕ್ರವರ್ತಿ, ‘ನೋಬ್ ಸಿ’ ಇದ್ದರೆ ಯುವರಾಜ. ಯು ಬರೆಯಬೇಕಾದಲ್ಲೆಲ್ಲ ಅವರು ವಿ ಬರೆದಿದ್ದಾರೆ, ಗಲಿಬಿಲಿ ಬೇಡ.

ಹಿಂಬದಿಯ ಚಿತ್ರ ಎಲ್ಲಕ್ಕಿಂತ ನಂಬಿಕಸ್ಥ ಸುಳಿವು. ತೋಳ ಇಬ್ಬರು ಮಕ್ಕಳಿಗೆ ಹಾಲೂಡುತ್ತಿದ್ದರೆ 330ರಿಂದ ಶುರುವಾದ ‘ಉರ್ಬ್ಸ್ ರೋಮಾ’. ಬಿದ್ದ ಕುದುರೆ ಸವಾರನನ್ನು ಸಿಪಾಯಿ ಈಟಿಯಿಂದ ತಿವಿಯುತ್ತಿದ್ದರೆ 348ರ ನಂತರದ್ದು. ರೆಕ್ಕೆಯ ವಿಜಯದೇವತೆ ಸೆರೆಯಾಳನ್ನು ಎಳೆದುಕೊಂಡು ಹೋಗುತ್ತಿರುವ, ಪುಟಾಣಿ ನಾಣ್ಯ 388ರ ಆಚೆಯದು. ಬರಹ ‘ಸಾಲುಸ್ ರೈಪಬ್ಲಿಕೆ’. ತಮಿಳುನಾಡು, ಶ್ರೀಲಂಕಾಗಳ ಗುಡ್ಡೆಗಳಲ್ಲಿ ಇದು ಪದೇ ಪದೇ ಕಾಣುತ್ತದೆ.

ಚಿತ್ರದ ಕೆಳಗೆ ಒಂದು ಅಡ್ಡಗೆರೆ, ಅದರಡಿ ಕೆಲವು ಅಕ್ಷರ: ಅದು ಟಂಕಸಾಲೆಯ ಗುರುತು. ‘ಎಸ್‌ಎಂ’ ಎಂದರೆ ಅರಮನೆಯ ಟಂಕಸಾಲೆ. ಅದರ ಮುಂದೆ ‘ಎಎನ್’ ಬಂದರೆ ಆಂಟಿಯೋಕ್, ‘ಎಎಲ್’ ಬಂದರೆ ಅಲೆಕ್ಸಾಂಡ್ರಿಯಾ, ‘ಕೆ’ ಬಂದರೆ ಸಿಜಿಕಸ್. ಕೊನೆಯ ಅಕ್ಷರ ಅಲ್ಲಿನ ಎಷ್ಟನೇ ಕಮ್ಮಟ ಎಂದು ಹೇಳುತ್ತದೆ. ನಮ್ಮ ದಕ್ಷಿಣದಲ್ಲಿ ಸಿಕ್ಕವುಗಳಲ್ಲಿ ಇಂಥ ಪೂರ್ವದ ಊರುಗಳದೇ ಹೆಚ್ಚು. ಕೆಂಪು ಸಮುದ್ರದ ದಾರಿಗೆ ಅವು ಹತ್ತಿರ.

ಚಿತ್ರ ಸರಿಯಿದ್ದು ಅಕ್ಷರಗಳು ಬರೀ ಗೀಟುಗಳಂತಿದ್ದರೆ ನಕಲಿ ಎಂದು ಎಸೆಯಬೇಡಿ. ರೋಮಿನ ಚಿಲ್ಲರೆ ಸಾಲದೇ ಹೋದಾಗ ಲಂಕೆಯಲ್ಲಿ ಅದನ್ನೇ ನೋಡಿ ಸ್ಥಳೀಯರು ನಾಣ್ಯ ಮಾಡಿಕೊಂಡರು. ಅವೂ ಒಂದೂವರೆ ಸಾವಿರ ವರ್ಷ ಹಳೆಯವು. ಇಂದಿನ ನಕಲಿ ಬೇರೆ. ಎರಕ ಹೊಯ್ದದ್ದಾದ್ದರಿಂದ ಮೈಮೇಲೆ ಸಣ್ಣ ಗುಳ್ಳೆ ತೂತುಗಳೂ ಅಂಚಿನಲ್ಲಿ ಬೆಸುಗೆಯ ಗೆರೆಯೂ ಕಾಣಬಹುದು.

ಹುಣಸೆಹಣ್ಣು, ನಿಂಬೆ, ಪಾತ್ರೆ ಉಜ್ಜುವ ಪುಡಿ ಹತ್ತಿರ ತರಬೇಡಿ. ಹೊಳಪಿನ ಜೊತೆಗೆ ಅಕ್ಷರವೂ ಹೋಗುತ್ತದೆ. ಬಟ್ಟಿಯಿಳಿಸಿದ ನೀರಿನಲ್ಲಿ ನೆನೆಸಿ ಮೆತ್ತನೆಯ ಬ್ರಷ್‌ನಿಂದ ಮಣ್ಣು ಬಿಡಿಸಿ, ಚೆನ್ನಾಗಿ ಒಣಗಿಸಿದರೆ ಸಾಕು. ಗಟ್ಟಿ ಹಸಿರು ಪದರ ನಾಣ್ಯವನ್ನು ಕಾಯುತ್ತದೆ. ಮುಟ್ಟಿದರೆ ಉದುರುವ ತಿಳಿಹಸಿರು ಪುಡಿ ಮಾತ್ರ ಕಿಲುಬಿನ ರೋಗ. ಅದು ತೇವದಲ್ಲಿ ಹಬ್ಬುತ್ತದೆ. ಅಂಥದ್ದನ್ನು ಬೇರೆ ಮಾಡಿ ಒಣಗಿದ ಡಬ್ಬಿಯಲ್ಲಿಡಿ.

ಕಾನೂನಿನ ಮಾತೂ ಇದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾವಸ್ತು. ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ, ಮಾರುವ ವ್ಯಾಪಾರಿಗೆ ಪರವಾನಗಿ ಬೇಕು. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸುವುದು ಕಡ್ಡಾಯ.

ಇಷ್ಟೆಲ್ಲ ಓದಿ ಇಸವಿ, ಟಂಕಸಾಲೆ ಪತ್ತೆಯಾದರೂ ನಾಣ್ಯದಲ್ಲಿ ಬರೆದಿರದ ಒಂದು ಸಂಗತಿ ಉಳಿಯುತ್ತದೆ: ಅದು ಎಲ್ಲಿ ಸಿಕ್ಕಿತು. ಆಂಟಿಯೋಕಿನ ಒಂದು ಕಂಚಿನ ಬಿಲ್ಲೆಗೆ ಮಾರುಕಟ್ಟೆಯಲ್ಲಿ ದೊಡ್ಡ ಬೆಲೆಯೇನಿಲ್ಲ. ವೈಗೈ ಮರಳಿನಿಂದ ಬಂದದ್ದು ಎಂದು ಖಾತ್ರಿಯಾದರೆ ಅದು ದಕ್ಷಿಣದ ವ್ಯಾಪಾರಕ್ಕೊಂದು ಸಾಕ್ಷಿ. ‘ದಿನಮಲರ್’ ಪತ್ರಿಕೆಯ ಸಂಪಾದಕರಾಗಿದ್ದ ಆರ್. ಕೃಷ್ಣಮೂರ್ತಿ ವೃತ್ತಿಯಿಂದ ಪುರಾತತ್ತ್ವಜ್ಞರಲ್ಲ. ಆದರೂ ಕರೂರು, ಮಧುರೆಯ ಇಂಥ ನಾಣ್ಯಗಳ ಬಗ್ಗೆ 1994ರಲ್ಲಿ ಅವರು ತಂದ ಪುಸ್ತಕವನ್ನು ವಿದ್ವಾಂಸರು ಇಂದಿಗೂ ತೆರೆಯುತ್ತಾರೆ, ಏಕೆಂದರೆ ನಾಣ್ಯಗಳ ಜೊತೆ ಊರುಗಳ ಹೆಸರೂ ಅದರಲ್ಲಿದೆ. ನಿಮ್ಮ ಅತ್ತೆಯವರನ್ನೋ ಅವರ ಮಕ್ಕಳನ್ನೋ ಈಗಲೇ ಕೇಳಿ: ಮಾವ ಇವನ್ನು ಯಾರಿಂದ ತಂದರು, ಯಾವ ವರ್ಷ, ನದಿಯಿಂದಲೋ ಅಂಗಡಿಯಿಂದಲೋ? ಅವರು ಹೇಳಿದ್ದನ್ನು ಪ್ರತಿ ನಾಣ್ಯದ ಪೊಟ್ಟಣದ ಮೇಲೆ ಬರೆದಿಡಿ.