ಹಿತ್ತಲಿನ ಸಬ್ಬಸಿಗೆ: ಬೇಸಾಯವೂ ಬೀಜದ ಆಯ್ಕೆಯೂ

ಮೈಸೂರು ಸೀಮೆಯ ಮನೆಗಳಲ್ಲಿ ಸಬ್ಬಸಿಗೆ ಸೊಪ್ಪನ್ನು ಅರಿಯದವರಿಲ್ಲ. ಅವರೆಕಾಯಿಯ ಕಾಲದಲ್ಲಿ ಸಾರಿಗೂ ಅಕ್ಕಿರೊಟ್ಟಿಗೂ ನುಚ್ಚಿನುಂಡೆಗೂ ಇದು ಬೇಕು. ಬಾಣಂತಿಯರ ಊಟದಲ್ಲಿಯೂ ಇದಕ್ಕೆ ಸ್ಥಾನವುಂಟು. ಆದರೆ ಹಿತ್ತಲಿನಲ್ಲಿ ಇದನ್ನು ಬೆಳೆಯುವ ಅನೇಕರು, ಎರಡು ಸಾರಿ ಸೊಪ್ಪು ಕೊಯ್ಯುವುದರೊಳಗೆ ಗಿಡವು ಹೂವಿಗೆ ಹೋಗುವುದೆಂದು ದೂರುತ್ತಾರೆ. ಇದಕ್ಕೆ ಬಿಸಿಲು ಒಂದು ಕಾರಣ. ಬೀಜ ಹಿಡಿಯುವ ಕ್ರಮವು ಇನ್ನೊಂದು. ಎರಡನೆಯದು ಬೆಳೆಯುವವರ ಕೈಯಲ್ಲಿಯೇ ಇದೆ.

ಸಬ್ಬಸಿಗೆಯು ಕೊತ್ತಂಬರಿ, ಜೀರಿಗೆ, ಓಮಗಳ ವರ್ಗಕ್ಕೆ ಸೇರಿದ ಗಿಡ. ತಾಯಿಬೇರು ನೀಳವಾಗಿ ಇಳಿಯುವುದರಿಂದ ಸಸಿಯನ್ನು ಕಿತ್ತು ನೆಟ್ಟರೆ ಏಳಿಗೆಯಾಗದು. ಬೆಳೆಯತಕ್ಕ ಮಡಿಯಲ್ಲಿಯೇ ಬೀಜವನ್ನು ಬಿತ್ತಬೇಕು. ದಿನಕ್ಕೆ ಆರು ಗಂಟೆಗಳಾದರೂ ಬಿಸಿಲು ಬೀಳುವ, ನೀರು ನಿಲ್ಲದ ಸ್ಥಳವನ್ನು ಆರಿಸಿ, ಒಂದು ಅಡಿ ಆಳ ಅಗೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರಸಬೇಕು. ಹಸಿ ಗೊಬ್ಬರ ಕೂಡದು. ಒಂಬತ್ತು ಅಂಗುಲಕ್ಕೊಂದು ಸಾಲು ಎಳೆದು ಬೀಜ ಉದುರಿಸಿ, ಕಾಲು ಅಂಗುಲದಷ್ಟು ಮಾತ್ರ ಮಣ್ಣು ಮುಚ್ಚಿ, ಪೂವಾಳಿಯಿಂದ ನೀರು ಚಿಮುಕಿಸಬೇಕು. ಮೊಳಕೆಗೆ ಒಂದರಿಂದ ಎರಡು ವಾರ ಹಿಡಿಯುತ್ತದೆ. ಅಷ್ಟರಲ್ಲಿ ಮೇಲ್ಮಣ್ಣು ಒಣಗಿದರೆ ಬಿತ್ತನೆ ಕೆಡುವುದು. ಒತ್ತಾಗಿ ಹುಟ್ಟಿದ ಸಸಿಗಳನ್ನು ನಾಲ್ಕು ಅಂಗುಲಕ್ಕೊಂದರಂತೆ ಉಳಿಸಿ, ಕಿತ್ತವನ್ನು ಅಡಿಗೆಗೆ ಬಳಸಬಹುದು.

ಮಡಿಯನ್ನೆಲ್ಲ ಒಂದೇ ದಿನ ಬಿತ್ತುವುದು ತಪ್ಪು. ಹದಿನೈದು ದಿನಕ್ಕೊಮ್ಮೆ ಎರಡೆರಡು ಸಾಲು ಬಿತ್ತುತ್ತ ಹೋದರೆ ಚಳಿಗಾಲ ಮುಗಿಯುವವರೆಗೆ ಎಳೆಯ ಸೊಪ್ಪಿಗೆ ಕೊರತೆಯಿಲ್ಲ. ಹಗಲು ಬೆಳೆದು ಸೆಕೆ ಏರಿದಂತೆ ಗಿಡವು ಬೇಗ ಕಡ್ಡಿಯೇಳುವುದು ಸಹಜ. ನೀರು ತಪ್ಪಿಸಿದರೆ ಇನ್ನೂ ಬೇಗ.

ಇನ್ನು ಬೀಜದ ವಿಷಯ. ಸಾಮಾನ್ಯವಾಗಿ ಮನೆಯವರು ಹುಲುಸಾದ ಗಿಡಗಳನ್ನೆಲ್ಲ ಸೊಪ್ಪಿಗಾಗಿ ಕಿತ್ತು, ಎಲ್ಲಕ್ಕಿಂತ ಮೊದಲು ಹೂಬಿಟ್ಟು ಅಡಿಗೆಗೆ ಬಾರದ ಗಿಡಗಳನ್ನು ಬೀಜಕ್ಕೆಂದು ಬಿಡುತ್ತಾರೆ. ಖರ್ಚಿಲ್ಲದ ಉಪಾಯವೆಂದು ಇದು ತೋರಬಹುದು. ಆದರೆ ತಾಯಿಗಿಡದ ಗುಣ ಬೀಜಕ್ಕೂ ಇಳಿಯುವುದರಿಂದ, ವರ್ಷವರ್ಷಕ್ಕೂ ಬೇಗ ಹೂಬಿಡುವ ಸಂತತಿಯನ್ನೇ ಕೈಯಾರೆ ಬೆಳೆಸಿದಂತಾಗುತ್ತದೆ. ಆದಕಾರಣ ಮೊದಲು ಕಡ್ಡಿಯೆದ್ದವನ್ನು ಹೂ ಅರಳುವ ಮುನ್ನವೇ ಕಿತ್ತುಹಾಕಬೇಕು. ನೊಣ, ಜೇನುಗಳು ಹೂವಿನಿಂದ ಹೂವಿಗೆ ಪರಾಗವನ್ನು ಒಯ್ಯುವುದರಿಂದ ಅವು ಒಳ್ಳೆಯ ಗಿಡಗಳನ್ನೂ ಕೆಡಿಸುವುವು. ಎಲೆ ಹೆಚ್ಚಾಗಿ, ತಡವಾಗಿ ಹೂಬಿಡುವ ಹತ್ತು ಹನ್ನೆರಡು ಗಿಡಗಳಿಗೆ ಗುರುತಿನ ದಾರ ಕಟ್ಟಿ, ಅವುಗಳಿಂದ ಸೊಪ್ಪು ಮುರಿಯದೆ, ಅಡಿಗೊಂದರಂತೆ ಬಿಡಬೇಕು. ಗುರುತು ಕಟ್ಟಿದ ಗಿಡವನ್ನು ಅಡಿಗೆಮನೆಯವರು ಮುಟ್ಟದಂತೆ ನೋಡಿಕೊಳ್ಳುವುದೇ ಇದರಲ್ಲಿ ಕಷ್ಟದ ಕೆಲಸ! ಎತ್ತರದ ಗಿಡ ಗಾಳಿಗೆ ಬೀಳದಂತೆ ಕೋಲು ಕೊಡಬೇಕು. ಹೂಗೊಂಚಲಿಗೆ ಹೇನು ಹತ್ತಿದರೆ ನೀರನ್ನು ರಭಸವಾಗಿ ಎರಚಿ ಉದುರಿಸಬಹುದು.

ಕೊಡೆಯಂತಹ ಗೊಂಚಲು ಕಂದುಬಣ್ಣಕ್ಕೆ ತಿರುಗಿದೊಡನೆ, ಬೀಜ ಸಿಡಿಯದಂತೆ ಬೆಳಗಿನ ಇಬ್ಬನಿಯಲ್ಲಿ ಕೊಯ್ದು, ನೆರಳಿನಲ್ಲಿ ಬಟ್ಟೆಯ ಮೇಲೆ ತಲೆಕೆಳಗಾಗಿ ತೂಗುಹಾಕಬೇಕು. ಒಣಗಿದ ಮೇಲೆ ಕೈಯಿಂದ ಉಜ್ಜಿ, ಕೇರಿ, ತೇವ ತಾಕದಂತೆ ಮುಚ್ಚಿಡಬೇಕು. ಮಿಕ್ಕ ಬೀಜವು ಔಷಧಿಗೂ ಬರುತ್ತದೆ. 1851ರಲ್ಲಿ ಇಂಗ್ಲೆಂಡಿನ ವಿಲಿಯಂ ವುಡ್‌ವರ್ಡ್ ಎಂಬುವರು ಶಿಶುಗಳ ಹೊಟ್ಟೆನೋವಿಗಾಗಿ ತಯಾರಿಸಿದ ಗ್ರೈಪ್ ವಾಟರಿನಲ್ಲಿ ಸಬ್ಬಸಿಗೆಯ ತೈಲವೂ ಸೇರಿದ್ದಿತು. ಬಿತ್ತನೆಯ ಬೀಜವನ್ನು ಎರಡು ವರ್ಷಗಳಿಗಿಂತ ಹೆಚ್ಚು ಇಡುವುದು ಲೇಸಲ್ಲ. ಹಳೆಯ ಬೀಜವಾದರೆ ಇಪ್ಪತ್ತು ಕಾಳುಗಳನ್ನು ಒದ್ದೆಬಟ್ಟೆಯಲ್ಲಿ ಸುತ್ತಿಟ್ಟು ನೋಡಬೇಕು. ಎರಡು ವಾರಗಳಲ್ಲಿ ಹತ್ತಕ್ಕಿಂತ ಕಡಿಮೆ ಮೊಳೆತರೆ ಬಿತ್ತನೆಗೆ ಹೊಸ ಬೀಜವನ್ನು ತರತಕ್ಕದ್ದು.